ಪೆನ್ಸಿಲ್‌ನಲ್ಲಿ ಬರೆದಿಟ್ಟ ಲ್ಯಾಪ್‌ಟಾಪ್

ನಮ್ಮ ಮನೆ ಜಗುಲಿಯ ಗೋಡೆಗೂಡಿನಲ್ಲಿ ಅಪ್ಪಯ್ಯನ ಮಳೆ ಪುಸ್ತಕಗಳಿವೆ. ಮೂಡಿಗೆರೆ ಕಡೆಯ ತೋಟದ ಮನೆಗಳಲ್ಲಿ ಇದೇನೂ ಅಪರೂಪವಲ್ಲ. ಹೆಚ್ಚುಕಡಿಮೆ ಎಲ್ಲರ ಅಂಗಳದಲ್ಲೂ ಒಂದು ಮಳೆಮಾಪಕ, ಒಳಗೆ ಒಂದು ಪುಸ್ತಕ ಇದ್ದೇ ಇರುತ್ತೆ. ಬೆಳಿಗ್ಗೆ ಎದ್ದು ಮುಖ ತೊಳೆದು, ಕಾಫಿಗೂ ಮೊದಲು ಹೊರಗೆ ಹೋಗಿ, ರಾತ್ರಿ ಬಿದ್ದ ನೀರನ್ನು ಅಳತೆ ಗಾಜಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ ಬರೆದಿಡುವುದು. ರೇಡಿಯೋದವರು ಮಿಲಿಮೀಟರ್ ಅಂದರೂ ನಮ್ಮವರ ಬಾಯಲ್ಲಿ ಇವತ್ತಿಗೂ ‘ರಾತ್ರಿ ಎರಡು ಇಂಚು ಮೂವತ್ತು ಸೆಂಟ್ಸ್ ಹೊಡೀತು’ ಅಂತಲೇ. ಸೆಂಟ್ ಅಂದರೆ ಇಂಚಿನ ನೂರನೇ ಒಂದು ಭಾಗ.

ಅಪ್ಪಯ್ಯನ ಪುಸ್ತಕಗಳು 1983ರಿಂದ ಇವೆ. ಬೇರೆಯವರ ಪುಸ್ತಕದಲ್ಲಿ ಕಾಣದ ಒಂದು ಸಂಗತಿ ಅವರದರಲ್ಲಿದೆ: ಪುಟಕ್ಕೆ ಎರಡು ಕಾಲಂ. ಒಂದೊಂದು ಮಳೆ ನಕ್ಷತ್ರ ಹುಟ್ಟುವ ಮೊದಲು, ಈ ಸಲ ಎಷ್ಟು ಬಂದೀತು ಅಂತ ತಮಗೆ ಅನ್ನಿಸಿದ್ದನ್ನು ಎಡಗಡೆ ಪೆನ್ಸಿಲ್‌ನಲ್ಲಿ ಬರೆಯುತ್ತಾರೆ. ಬಂದದ್ದನ್ನು ಬಲಗಡೆ ಇಂಕಿನಲ್ಲಿ ಬರೆಯುತ್ತಾರೆ. ತಪ್ಪಿದ ಊಹೆಯನ್ನು ಒಂದು ದಿನವೂ ಅಳಿಸಿದವರಲ್ಲ. 2019ರ ಆಗಸ್ಟಿನಲ್ಲಿ ನಮ್ಮ ತಾಲ್ಲೂಕಿನಲ್ಲಿ ಗುಡ್ಡಗಳೇ ಕುಸಿದು ಬಂದವಲ್ಲ, ಆ ಆಶ್ಲೇಷ ಮಳೆಯ ಪುಟದಲ್ಲಿ ಎಡಗಡೆ ‘ಸಾಧಾರಣ’ ಅಂತ ಇದೆ. ಬಲಗಡೆಯ ಅಂಕಿಗಳನ್ನು ನೋಡಿದರೆ ಈಗಲೂ ಮೈ ಜುಂ ಅನ್ನುತ್ತೆ.

ಇದು 2025ರ ಡಿಸೆಂಬರ್‌ನಲ್ಲಿ ಲ್ಯಾಪ್‌ಟಾಪ್ ಬಗ್ಗೆ ಬರೆಯುತ್ತಿರುವ ಬರಹ. ಮಳೆಯಿಂದ ಶುರು ಮಾಡಿದ್ದಕ್ಕೆ ಕಾರಣವಿದೆ.

ನಾನು ಮನೆಯಲ್ಲೇ ಕೂತು ಸುತ್ತಲಿನ ಏಳೆಂಟು ಸಣ್ಣ ಬೆಳೆಗಾರರ ಲೆಕ್ಕ ಬರೆಯುತ್ತೇನೆ. ಚೆಕ್‌ರೋಲ್ ಅನ್ನುವ ಆಳುಗಳ ಹಾಜರಿ ಪಟ್ಟಿ, ವಾರದ ಬಟವಾಡೆ, ಗೊಬ್ಬರದ ಬಿಲ್ಲು, ಜಿಎಸ್‌ಟಿ, ಬ್ಯಾಂಕಿನ ಕಾಗದ. ಸಂಜೆ ಹೊತ್ತು ಸಮಯ ಸಿಕ್ಕಾಗ ಅಪ್ಪಯ್ಯನ ಮಳೆ ಪುಸ್ತಕಗಳನ್ನು ಕಂಪ್ಯೂಟರಿಗೆ ಏರಿಸುತ್ತಿದ್ದೆ. ಅವರು ಕನ್ನಡಕ ಹಾಕಿಕೊಂಡು ಓದುತ್ತಾ ಹೋಗುವುದು, ನಾನು ಟೈಪ್ ಮಾಡುವುದು. ‘ಜುಲೈ ಹದಿನೆಂಟು, ಮೂರು ಎಪ್ಪತ್ತು. ಹತ್ತೊಂಬತ್ತು, ನಾಲ್ಕು ಐದು.’ ಹೀಗೆ 1983ರಿಂದ 1993ರವರೆಗೆ ಹನ್ನೊಂದು ವರ್ಷ ಮುಗಿಸಿದ್ದೆವು.

ಈ ವರ್ಷ ಆಗಸ್ಟಿನಲ್ಲಿ ಐದು ದಿನ ಕರೆಂಟಿರಲಿಲ್ಲ. ನೆಟ್‌ವರ್ಕೂ ಇರಲಿಲ್ಲ. ಗೋಡೆ ಮುಟ್ಟಿದರೆ ಕೈ ಒದ್ದೆ, ಬೀರುವಿನ ಸೀರೆಗೆಲ್ಲ ಬೂಷ್ಟು. ಆರನೇ ದಿನ ಕರೆಂಟು ಬಂತು, ಲ್ಯಾಪ್‌ಟಾಪ್ ಬಟನ್ ಒತ್ತಿದೆ, ಜೀವ ಬರಲಿಲ್ಲ. ಚಿಕ್ಕಮಗಳೂರಿಗೆ ಒಯ್ದು ಕೊಟ್ಟೆ. ಹುಡುಗ ಹಿಂಬದಿ ಮುಚ್ಚಳ ಬಿಚ್ಚಿ, ಟಾರ್ಚ್ ಹಿಡಿದು ನನ್ನನ್ನೇ ಕರೆದು ತೋರಿಸಿದ. ಬೋರ್ಡಿನ ಒಂದು ಮೂಲೆಯಲ್ಲಿ, ಹಳೇ ತಾಮ್ರದ ಹಂಡೆಯ ಅಂಚಿನಲ್ಲಿ ಕೂರುವಂಥ ಹಸಿರು ಕಿಲುಬು. ಅಕ್ಕಿಕಾಳಿನಷ್ಟು ಜಾಗ, ಅಷ್ಟೇ. “ಮೇಡಂ, ಬೋರ್ಡೇ ಬದಲಿಸಬೇಕು” ಅಂದ. ಒಳಗಿರುವ ಫೈಲುಗಳನ್ನಾದರೂ ತೆಗೆದುಕೊಡಪ್ಪಾ ಅಂದೆ. ಸ್ಟೋರೇಜ್ ಚಿಪ್ಪನ್ನು ಬೋರ್ಡಿಗೇ ಬೆಸುಗೆ ಹಾಕಿದ ಮಾದರಿ ಅದು. ಬಿಚ್ಚಿ ಇನ್ನೊಂದಕ್ಕೆ ಹಾಕಲು ಬರುವುದಿಲ್ಲ. ಬೆಳೆಗಾರರ ಲೆಕ್ಕದ ಪ್ರತಿ ಮೇಲ್‌ನಲ್ಲಿತ್ತು, ಉಳಿಯಿತು. ಅಪ್ಪಯ್ಯ ಓದಿ ಹೇಳಿದ ಹನ್ನೊಂದು ವರ್ಷದ ಮಳೆ ಅಕ್ಕಿಕಾಳಿನಷ್ಟು ಕಿಲುಬಿನ ಹಿಂದೆ ಉಳಿದುಹೋಯಿತು.

ಅಲ್ಲಿಂದ ನಾನು ಲ್ಯಾಪ್‌ಟಾಪ್‌ಗಳನ್ನು ನೋಡುವ ಕಣ್ಣೇ ಬದಲಾಯಿತು.

ಅಣ್ಣನ ಮಗ ಹಾಸನದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ. ಹೊಸದು ಕೊಳ್ಳಲು ಹೊರಟಾಗ ಅವನು ಬಿಡಲಿಲ್ಲ. “ಅತ್ತೆ, ಈಗ ತಗೋಬೇಡಿ. ಜನವರಿ ಆರಕ್ಕೆ ಲಾಸ್ ವೇಗಸ್‌ನಲ್ಲಿ ಸಿಇಎಸ್ ಅಂತ ಎಲೆಕ್ಟ್ರಾನಿಕ್ಸ್ ಮೇಳ ಇದೆ. ಇಡೀ ವರ್ಷದ ಲ್ಯಾಪ್‌ಟಾಪ್ ಸಾಲು ಅಲ್ಲೇ ಬರೋದು. ಇಂಟೆಲ್‌ನ ಪ್ಯಾಂಥರ್ ಲೇಕ್ ಚಿಪ್ ಬರುತ್ತೆ, ಕ್ವಾಲ್‌ಕಾಮ್‌ದೂ ಹೊಸದು ಬರುತ್ತೆ.” ಅಂದಿನಿಂದ ದಿನಕ್ಕೆ ನಾಲ್ಕು ಲಿಂಕ್ ಕಳಿಸುತ್ತಾನೆ. ಯಾರೋ ಬಯಲು ಮಾಡಿದ ಚಿತ್ರ, ಯಾರೋ ಅಳೆದ ವೇಗ, ಯಾರೋ ಹೇಳಿದ ಬೆಲೆ. ಅರೇಬಿಕಾ ಕೊಯ್ಲಿನ ಗಡಿಬಿಡಿಯ ನಡುವೆ ರಾತ್ರಿ ಅವನ್ನೆಲ್ಲ ಓದುತ್ತೇನೆ. ಓದುತ್ತಾ ಓದುತ್ತಾ ನನಗೂ ರುಚಿ ಹತ್ತಿದೆ ಅಂತ ಒಪ್ಪಿಕೊಳ್ಳಬೇಕು.

ಆದರೆ ಈ ಊಹೆಗಳನ್ನು ಓದುವಾಗ ಅಪ್ಪಯ್ಯ ಮಳೆ ಊಹಿಸುವ ಕ್ರಮವೇ ನೆನಪಾಗುತ್ತೆ. ಇರುವೆ ಮೊಟ್ಟೆ ಹೊತ್ತುಕೊಂಡು ಗೋಡೆ ಹತ್ತಿದ್ದನ್ನೂ ಅವರು ನೋಡುತ್ತಾರೆ, ಗಾಳಿ ತಿರುಗಿದ್ದನ್ನೂ ನೋಡುತ್ತಾರೆ. ಆದರೆ ಪೆನ್ಸಿಲ್ ಹಿಡಿಯುವ ಮೊದಲು ಹಿಂದಿನ ಹತ್ತು ವರ್ಷದ ಅದೇ ನಕ್ಷತ್ರದ ಪುಟ ತಿರುವಿ ಹಾಕುತ್ತಾರೆ. ಲ್ಯಾಪ್‌ಟಾಪ್ ಲೋಕದಲ್ಲೂ ಇರುವೆಗಳಿವೆ. ಹೊಸ ಚಿಪ್ ಬರುವ ಎಷ್ಟೋ ತಿಂಗಳು ಮೊದಲೇ ಅದಕ್ಕೆ ಬೇಕಾದ ಪ್ರೋಗ್ರಾಂ ಸಾಲುಗಳನ್ನು ಕಂಪನಿಯ ಇಂಜಿನಿಯರುಗಳೇ ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಂಗೆ ಸೇರಿಸಲು ಕಳಿಸುತ್ತಾರೆ. ಅದು ಎಲ್ಲರೂ ನೋಡಬಹುದಾದ ಕಡತ. ಅಂಥದ್ದನ್ನು ನಂಬಬಹುದು. ಸೋರಿಕೆಯ ಚಿತ್ರಗಳನ್ನು ನಂಬುವುದು ಕಷ್ಟ. ಹಿಂದಿನ ಪುಟಗಳನ್ನು ತಿರುವುವ ಕೆಲಸವನ್ನಂತೂ ಬಹಳ ಜನ ಮಾಡುವುದೇ ಇಲ್ಲ.

ತಿರುವಿದರೆ ಏನು ಕಾಣುತ್ತೆ? ಬಿಟ್ಟುಹೋದದ್ದು ವಾಪಸ್ ಬಂದದ್ದು ಕಾಣುತ್ತೆ.

ಆ್ಯಪಲ್‌ನವರು 2016ರಲ್ಲಿ ಮ್ಯಾಕ್‌ಬುಕ್ ಪ್ರೊದಿಂದ ಟಿವಿ, ಪ್ರೊಜೆಕ್ಟರ್ ಜೋಡಿಸುವ ಎಚ್‌ಡಿಎಂಐ ತೆಗೆದರು, ಕ್ಯಾಮೆರಾ ಕಾರ್ಡ್ ಹಾಕುವ ಕಿಂಡಿ ತೆಗೆದರು, ಅಯಸ್ಕಾಂತದಿಂದ ಕಚ್ಚಿಕೊಳ್ಳುತ್ತಿದ್ದ ಮ್ಯಾಗ್‌ಸೇಫ್ ಚಾರ್ಜರನ್ನೂ ತೆಗೆದರು. ಎಲ್ಲಕ್ಕೂ ಯುಎಸ್‌ಬಿ-ಸಿ ಒಂದೇ ಸಾಕು ಅನ್ನುವ ನಂಬಿಕೆ. ಐದು ವರ್ಷ ಜನ ಒಂದೊಂದಕ್ಕೂ ಒಂದೊಂದು ಕೊಂಡಿ ಕೊಂಡು ಬ್ಯಾಗಿನಲ್ಲಿ ಹೊತ್ತರು. 2021ರ ಅಕ್ಟೋಬರ್‌ನಲ್ಲಿ ಮೂರೂ ಒಟ್ಟಿಗೆ ಹಿಂದಿರುಗಿದವು. ಆ ಹೊತ್ತಿಗೆ ಅವರ ತೆಳು ಕೀಬೋರ್ಡ್ ಕೂಡ ಹೋಗಿ, 2019ರಿಂದ ಹಳೇ ಕತ್ತರಿ ಮಾದರಿಯ ಕೀಲಿಗಳು ಮರಳಿದ್ದವು.

ಲೆನೊವೊ ಕಂಪನಿಯ ಥಿಂಕ್‌ಪ್ಯಾಡ್‌ನ ಟಿ ಸಾಲಿನ ಕಥೆ ನನಗೆ ಇನ್ನೂ ಹತ್ತಿರದ್ದು, ಯಾಕೆಂದರೆ ಈಗ ನನ್ನ ಮೇಜಿನ ಮೇಲಿರುವುದು ಅದೇ. 2018ರ ಟಿ480. ಎರಡು ಮೆಮೊರಿ ಸ್ಲಾಟ್, ಬಿಚ್ಚಿ ಹಾಕಬಹುದಾದ ಡಿಸ್ಕು, ಒಳಗೊಂದು ಬ್ಯಾಟರಿ, ಹಿಂದೆ ಕೈಯಲ್ಲೇ ಕಳಚಬಹುದಾದ ಇನ್ನೊಂದು ಬ್ಯಾಟರಿ. ಮರುವರ್ಷ ಟಿ490 ಬಂತು. ಅದರಲ್ಲಿ ಹಿಂದಿನ ಬ್ಯಾಟರಿ ಇಲ್ಲ. ಒಂದು ಮೆಮೊರಿ ಬೋರ್ಡಿಗೆ ಬೆಸುಗೆಯಾಯಿತು, ಉಳಿದದ್ದು ಒಂದೇ ಸ್ಲಾಟ್. ಐದು ವರ್ಷ ಕಳೆದು 2024ರಲ್ಲಿ ಟಿ14ರ ಐದನೇ ಪೀಳಿಗೆ ಬರುವಾಗ ಎರಡೂ ಸ್ಲಾಟುಗಳು ಮರಳಿದ್ದವು. ರಿಪೇರಿ ಕೈಪಿಡಿಗಳಿಗೆ ಹೆಸರಾದ ಐಫಿಕ್ಸ್‌ಇಟ್ ಸಂಸ್ಥೆಯ ಜೊತೆ ಕೂತು ರೂಪಿಸಿದ ಯಂತ್ರ ಅದು. ರಿಪೇರಿ ಸುಲಭತೆಗೆ ಹತ್ತಕ್ಕೆ ಒಂಬತ್ತು ಅಂಕ ಬಂತು.

ತೆಗೆದದ್ದು ಕೆಟ್ಟ ಮನಸ್ಸಿನಿಂದಲೇ ಅಂತ ಹೇಳಲಾರೆ. ಮೆಮೊರಿಯನ್ನು ಬೆಸೆಯುವುದರ ಹಿಂದೆ ನ್ಯಾಯವಾದ ಕಾರಣವೂ ಇದೆ. ಪ್ರೊಸೆಸರ್‌ಗೆ ಎಷ್ಟು ಹತ್ತಿರ ಇಟ್ಟರೆ ತಂತಿಯ ದಾರಿ ಅಷ್ಟು ಚಿಕ್ಕದು, ಕಡಿಮೆ ವೋಲ್ಟೇಜ್ ಸಾಕು, ಬ್ಯಾಟರಿ ಉಳಿಯುತ್ತೆ. ಹಳೇ ಮಾದರಿಯ ಸ್ಲಾಟಿನಲ್ಲಿ ಆ ಮಿತವ್ಯಯ ಸಾಧ್ಯವಿಲ್ಲ. ಕರೆಂಟಿಲ್ಲದ ಮಳೆಗಾಲದಲ್ಲಿ ಒಂದೊಂದು ಗಂಟೆಯ ಬ್ಯಾಟರಿಯ ಬೆಲೆ ಏನು ಅಂತ ನನಗೆ ಗೊತ್ತು. ಹಾಗಾಗಿ ‘ಬೆಸುಗೆ ಬೇಡವೇ ಬೇಡ’ ಅಂತ ನನ್ನ ಬಾಯಿಂದ ಸುಲಭಕ್ಕೆ ಬರುವುದಿಲ್ಲ.

ಬ್ಯಾಟರಿಯ ಲೆಕ್ಕ ನೋಡಿ. ಅದರ ಮೇಲೆ ವ್ಯಾಟ್-ಅವರ್ ಅಂತ ಒಂದು ಅಂಕಿ ಇರುತ್ತೆ. ಅದು ಅಟ್ಟದ ಮೇಲಿನ ಟ್ಯಾಂಕಿನ ಅಳತೆ ಇದ್ದ ಹಾಗೆ. 60 ವ್ಯಾಟ್-ಅವರ್ ಬ್ಯಾಟರಿಯಿಂದ ಯಂತ್ರ 15 ವ್ಯಾಟ್ ಎಳೆಯುತ್ತಿದ್ದರೆ ನಾಲ್ಕೇ ಗಂಟೆ. 6 ವ್ಯಾಟ್ ಎಳೆದರೆ ಹತ್ತು ಗಂಟೆ. ಟ್ಯಾಂಕು ದೊಡ್ಡದು ಮಾಡುತ್ತಾ ಹೋಗಲು ಆಗುವುದಿಲ್ಲ, ತೂಕ ಹೆಚ್ಚುತ್ತೆ, 100 ವ್ಯಾಟ್-ಅವರ್ ದಾಟಿದರೆ ವಿಮಾನದಲ್ಲಿ ಒಯ್ಯಲು ಅನುಮತಿ ಬೇಕು. ಉಳಿದ ದಾರಿ ನಲ್ಲಿ ಸಣ್ಣದು ಮಾಡುವುದು. 2020ರ ನವೆಂಬರ್‌ನಲ್ಲಿ ಆ್ಯಪಲ್‌ನ ಎಂ1 ಚಿಪ್ ಬಂದಾಗ ಆದದ್ದು ಇದೇ. ಫ್ಯಾನೇ ಇಲ್ಲದ ತೆಳು ಮ್ಯಾಕ್‌ಬುಕ್ ಏರ್ ಇಡೀ ದಿನ ಓಡಿತು. ಉಳಿದವರು ಅದನ್ನು ಹಿಡಿಯಲು ನಾಲ್ಕು ವರ್ಷ ಓಡಿದರು. 2024ರಲ್ಲಿ ಕ್ವಾಲ್‌ಕಾಮ್‌ನ ಸ್ನ್ಯಾಪ್‌ಡ್ರ್ಯಾಗನ್ ಎಕ್ಸ್, ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಇಂಟೆಲ್‌ನ ಲೂನಾರ್ ಲೇಕ್. ಬೆಂಗಳೂರಿನಲ್ಲಿ ಕೂತವರಿಗೆ ಇದು ಚಾರ್ಜರ್ ಮರೆತು ಆಫೀಸಿಗೆ ಹೋಗುವ ಸುಖ. ನಮಗೆ, ದೊಡ್ಡ ಪುಷ್ಯದಲ್ಲಿ ಮರ ಬಿದ್ದು ಲೈನು ಹೋದ ಮೂರನೇ ದಿನವೂ ಬಟವಾಡೆ ಲೆಕ್ಕ ಮುಗಿಸುವ ವಿಷಯ.

ಲೂನಾರ್ ಲೇಕ್‌ನಲ್ಲಿ ಇಂಟೆಲ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಮೆಮೊರಿಯನ್ನು ಪ್ರೊಸೆಸರ್ ಜೊತೆಗೇ ಒಂದೇ ಕವಚದಲ್ಲಿ ಕೂರಿಸಿತು. 16 ಜಿಬಿ ಅಥವಾ 32, ಕೊಂಡ ದಿನ ಎಷ್ಟೋ ಸಾಯುವ ದಿನವೂ ಅಷ್ಟೇ. ಆ ವರ್ಷವೇ ಅವರ ಮುಖ್ಯಸ್ಥರು, ಇದು ಒಮ್ಮೆ ಮಾಡಿದ್ದು, ಮುಂದಿನ ಪೀಳಿಗೆಗಳಲ್ಲಿ ಹೀಗಿರುವುದಿಲ್ಲ ಅಂದರು. ಈ ಅಕ್ಟೋಬರ್‌ನಲ್ಲಿ ಪ್ಯಾಂಥರ್ ಲೇಕ್ ವಿವರ ಬಂದಾಗ ಮಾತು ನಿಂತಿತ್ತು. ಅರಿಜೋನಾದ ಹೊಸ ಕಾರ್ಖಾನೆಯಲ್ಲಿ, 18ಎ ಅನ್ನುವ ಹೊಸ ಕ್ರಮದಲ್ಲಿ ತಯಾರಾಗುವ ಚಿಪ್. ಮೆಮೊರಿ ಮತ್ತೆ ಹೊರಗೆ ಬಂದಿದೆ, ಕೆಲವು ಬಗೆಗಳು ಸ್ಲಾಟಿಗೆ ಹಾಕುವ ಡಿಡಿಆರ್5 ಮೆಮೊರಿಯನ್ನೂ ಒಪ್ಪುತ್ತವೆ.

ಇದನ್ನು ಓದಿದ ರಾತ್ರಿ ನನಗೆ ಬಹಳ ಖುಷಿಯಾಯಿತು. ಅಣ್ಣನ ಮಗನಿಗೆ ಫೋನ್ ಮಾಡಿ ಹೇಳಿದೆ. ಅವನಿಗೆ ಗ್ರಾಫಿಕ್ಸ್ ಎಷ್ಟು ಪಟ್ಟು ಹೆಚ್ಚಿದೆ ಅನ್ನುವುದರ ಮೇಲೆ ಕಣ್ಣು. “ಅತ್ತೆ, ಚಿಪ್ ಒಪ್ಪಿದ್ರೆ ಸಾಕಾ? ಲ್ಯಾಪ್‌ಟಾಪ್ ಮಾಡೋರು ಸ್ಲಾಟ್ ಇಡಬೇಕಲ್ಲ” ಅಂದ. ಅವನ ಮಾತು ನಿಜ. ಚಿಪ್ ದಾರಿ ಬಿಟ್ಟುಕೊಟ್ಟಿದೆ. ನಡೆಯುವುದು ಬಿಡುವುದು ಲ್ಯಾಪ್‌ಟಾಪ್ ಕಟ್ಟುವವರ ಕೈಯಲ್ಲಿದೆ.

ಬೆಸುಗೆ ಮತ್ತು ಸ್ಲಾಟಿನ ಜಗಳಕ್ಕೆ ಮೂರನೆಯದೊಂದು ಪರಿಹಾರವೂ ಹುಟ್ಟಿದೆ. ಎಲ್‌ಪಿಕ್ಯಾಮ್2 ಅಂತ. ಬೆಸೆಯುವ ಮೆಮೊರಿಯಷ್ಟೇ ಮಿತವ್ಯಯದ ಚಿಪ್ಪುಗಳನ್ನು ಒಂದು ಪುಟ್ಟ ಹಲಗೆಯ ಮೇಲೆ ಕೂರಿಸಿ, ಆ ಹಲಗೆಯನ್ನು ಸ್ಕ್ರೂ ಹಾಕಿ ಬೋರ್ಡಿಗೆ ಒತ್ತಿ ಕೂರಿಸುವುದು. ಬೇಕಾದಾಗ ಸ್ಕ್ರೂ ಬಿಚ್ಚಿ ಬದಲಿಸಬಹುದು. 2024ರಲ್ಲಿ ಥಿಂಕ್‌ಪ್ಯಾಡ್ ಪಿ1ನಲ್ಲಿ ಬಂತು. ಅದು ದುಬಾರಿ ಯಂತ್ರ. ಆ ಹಲಗೆ ನಮ್ಮಂಥವರು ಕೊಳ್ಳುವ ಸಾಲಿಗೆ ಇಳಿದು ಬರುವ ದಿನಕ್ಕೆ ನಾನು ಹೂಮಳೆ ಕಾದಂತೆ ಕಾಯುತ್ತಿದ್ದೇನೆ.

ಈ ವರ್ಷವೇ ಇಳಿಯುತ್ತೆ ಅಂತ ಮಾತ್ರ ಪೆನ್ಸಿಲ್‌ನಲ್ಲೂ ಬರೆಯಲಾರೆ. ಮೆಮೊರಿಯ ಬೆಲೆ ಏರಿ ಕೂತಿದೆ. ಎಐ ನಡೆಸುವ ಡೇಟಾ ಸೆಂಟರ್‌ಗಳು ತಯಾರಾದ ಮೆಮೊರಿಯನ್ನೆಲ್ಲ ತಮ್ಮ ಕಡೆ ಎಳೆದುಕೊಳ್ಳುತ್ತಿವೆ. ಈ ಡಿಸೆಂಬರ್ ಮೊದಲ ವಾರ ಮೈಕ್ರಾನ್‌ನವರು ಕ್ರೂಷಿಯಲ್ ಹೆಸರಿನಲ್ಲಿ ಜನಸಾಮಾನ್ಯರಿಗೆ ಮಾರುತ್ತಿದ್ದ ಮೆಮೊರಿ ವ್ಯಾಪಾರವನ್ನೇ ನಿಲ್ಲಿಸುತ್ತೇವೆ ಅಂತ ಪ್ರಕಟಿಸಿದರು. ಇದನ್ನು ಅಪ್ಪಯ್ಯನಿಗೆ ವಿವರಿಸಲು ಕಷ್ಟವಾಗಲಿಲ್ಲ. ವಿಯೆಟ್ನಾಂನಲ್ಲಿ ಬರ ಬಿದ್ದರೆ ಮೂಡಿಗೆರೆಯಲ್ಲಿ ರೊಬಸ್ಟಾ ಮೂಟೆಯ ಬೆಲೆ ಏರುವುದನ್ನು ಕಂಡವರು ಅವರು. “ಹಂಗಾದ್ರೆ ಬರೋ ವರ್ಷ ಕಮ್ಮಿ ಕೊಟ್ಟು ಜಾಸ್ತಿ ಇಸ್ಕೊಳ್ತಾರೆ” ಅಂದರು. ನನ್ನ ಊಹೆಯೂ ಅದೇ. ಮುಂದಿನ ಸಾಲಿನಲ್ಲಿ ಅಗ್ಗದ ಮಾದರಿಗಳು 8 ಜಿಬಿಗೆ ಇಳಿಯಬಹುದು, ಇಲ್ಲವೇ ಬೆಲೆ ಏರಬಹುದು. 8 ಜಿಬಿ ಬೆಸೆದ ಯಂತ್ರವನ್ನು ಮಾತ್ರ ಯಾರೂ ಕೊಳ್ಳಬೇಡಿ. ನಾಳೆ ಬೆಲೆ ಇಳಿದಾಗ ಹಾಕಿಸಿಕೊಳ್ಳೋಣ ಅಂದರೆ ಜಾಗವೇ ಇರುವುದಿಲ್ಲ.

ಎಐ ಮಾತು ಬಂತಲ್ಲ. ಹೊಸ ಸಾಲುಗಳ ಜಾಹೀರಾತಿನಲ್ಲಿ ಅರ್ಧ ಅದೇ ಇರುತ್ತೆ. 2024ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಕೋಪೈಲಟ್ ಪ್ಲಸ್ ಅನ್ನುವ ಲ್ಯಾಪ್‌ಟಾಪ್ ವರ್ಗ ಮಾಡಿ, ಅದಕ್ಕೆ ಸೇರಬೇಕಾದರೆ ಎಐ ಲೆಕ್ಕಕ್ಕೆಂದೇ ಇರುವ ಎನ್‌ಪಿಯು ಅನ್ನುವ ಭಾಗ ಸೆಕೆಂಡಿಗೆ 40 ಲಕ್ಷ ಕೋಟಿ ಲೆಕ್ಕ ಮಾಡಬೇಕು ಅಂತ ನಿಯಮ ಇಟ್ಟಿತು. 2025ರಲ್ಲಿ ಪ್ರಕಟವಾದ ಸ್ನ್ಯಾಪ್‌ಡ್ರ್ಯಾಗನ್ ಎಕ್ಸ್2 ಇಲೈಟ್ ಚಿಪ್ ಆ ಲೆಕ್ಕವನ್ನು 80 ಲಕ್ಷ ಕೋಟಿಗೆ ಏರಿಸಿದೆ. ಇಷ್ಟೆಲ್ಲ ಯಾತಕ್ಕೆ ಅಂತ ಕೇಳುವವರೇ ಹೆಚ್ಚು. ನನಗೆ ಒಂದು ಕೆಲಸ ಕಾಣುತ್ತೆ. ಅಪ್ಪಯ್ಯ ಓದುತ್ತಾ ಹೋಗಬೇಕು, ಯಂತ್ರ ಕೇಳಿಸಿಕೊಂಡು ಬರೆಯುತ್ತಾ ಹೋಗಬೇಕು. ಕನ್ನಡದಲ್ಲಿ, ನೆಟ್‌ವರ್ಕ್ ಇಲ್ಲದೆ, ಮಳೆಯ ಸದ್ದಿನ ನಡುವೆ, ‘ಮೂರು ಎಪ್ಪತ್ತು’ ಅಂದರೆ 3.70 ಅಂತ ತಿಳಿದುಕೊಂಡು. ಮದ್ರಾಸ್ ಐಐಟಿಯ ಎಐ4ಭಾರತ್ ತಂಡದವರು ನಮ್ಮ ಭಾಷೆಗಳ ಮಾತನ್ನು ಬರಹಕ್ಕೆ ಇಳಿಸುವ ಮಾದರಿಗಳನ್ನು ಎಲ್ಲರಿಗೂ ಮುಕ್ತವಾಗಿ ಕೊಟ್ಟಿದ್ದಾರೆ. ಕಡಿಮೆ ವಿದ್ಯುತ್ತಿನಲ್ಲಿ ಗಂಟೆಗಟ್ಟಲೆ ಇಂಥ ಕೆಲಸ ಮಾಡಲಿಕ್ಕೇ ಎನ್‌ಪಿಯು ಹುಟ್ಟಿದ್ದು. ಎರಡನ್ನೂ ಒಂದು ಮಾಡಿ ಮೊದಲ ದಿನದಿಂದಲೇ ಲ್ಯಾಪ್‌ಟಾಪ್‌ನಲ್ಲಿ ಕೊಟ್ಟರೆ, ಚೆಕ್‌ರೋಲ್ ಬರೆಯುವ ರೈಟರಿನಿಂದ ಹಿಡಿದು ಸೊಸೈಟಿಯ ಗುಮಾಸ್ತರವರೆಗೆ ಎಷ್ಟು ಜನರ ಕೈ ನೋವು ಉಳಿಯುತ್ತೆ!

ಕೀಬೋರ್ಡ್ ವಿಷಯದಲ್ಲಿ ನನಗೆ ಬೇಸರವಿದೆ. 2024ರ ಜನವರಿಯಲ್ಲಿ ಮೈಕ್ರೋಸಾಫ್ಟ್‌ನ ಎಐ ಸಹಾಯಕ ಕೋಪೈಲಟ್‌ಗೆ ಅಂತಲೇ ಒಂದು ಕೀಲಿ ಸೇರಿಸಿದರು, ಮೂವತ್ತು ವರ್ಷಕ್ಕೆ ಹತ್ತಿರ ಕಳೆದ ಮೇಲೆ ವಿಂಡೋಸ್ ಕೀಬೋರ್ಡ್‌ಗೆ ಆದ ದೊಡ್ಡ ಬದಲಾವಣೆ ಅಂತ. ಎಷ್ಟೋ ಮಾದರಿಗಳಲ್ಲಿ ಬಲಗಡೆಯ ಕಂಟ್ರೋಲ್ ಕೀಲಿ ಅದಕ್ಕೆ ಜಾಗ ಬಿಟ್ಟಿತು. ನಾನು ಕನ್ನಡ ಬರೆಯುವುದು ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸದಲ್ಲಿ. ಇಂಗ್ಲಿಷ್ ಕೀಲಿಗಳ ಮೇಲೇ ಕನ್ನಡದ ಇಡೀ ವರ್ಣಮಾಲೆಯನ್ನು ಅಷ್ಟು ಚೊಕ್ಕವಾಗಿ ಕೂರಿಸಿದ ಕೆಲಸ ಅದು. ಒಂದು ಹೊಸ ಕೀಲಿಗೆ ಜಾಗ ಇದೆ ಅಂತಾದರೆ, ಭಾಷೆ ಬದಲಿಸಲು ಒಂದೇ ಒತ್ತಿನ ಕೀಲಿ ಇಡಬಹುದಿತ್ತು. ಈ ದೇಶದಲ್ಲಿ ಎರಡು ಲಿಪಿಯಲ್ಲಿ ಬರೆಯುವವರು ಕೋಟಿಗಟ್ಟಲೆ ಇದ್ದೇವೆ.

ಇನ್ನು ಪರದೆ. ಈ ತಿಂಗಳು ಸಂಜೆ ನಾಲ್ಕರ ಮೇಲೆ ಕಣದಲ್ಲಿ ತೂಕ ನಡೆಯುತ್ತೆ. ಕೊಯ್ದ ಹಣ್ಣಿನ ಚೀಲಗಳು ಒಂದೊಂದಾಗಿ ತೂಕದ ಮಿಷನ್ ಮೇಲೆ ಬರುತ್ತವೆ, ರೈಟರು ಕೂಗಿ ಹೇಳುತ್ತಾರೆ, ನಾನು ಹೆಸರಿನ ಮುಂದೆ ಕೆಜಿ ಹಾಕಬೇಕು. ಸೂರ್ಯ ಎದುರಿಗೇ ಇಳಿಯುತ್ತಿರುತ್ತಾನೆ. ಪರದೆಯಲ್ಲಿ ನನ್ನ ಮುಖವೂ ಹಿಂದಿನ ಸಿಲ್ವರ್ ಮರವೂ ಕಾಣುತ್ತೆ ಹೊರತು ಅಂಕಿ ಕಾಣುವುದಿಲ್ಲ. ಸೆರಗನ್ನು ತಲೆಯಿಂದ ಲ್ಯಾಪ್‌ಟಾಪ್‌ವರೆಗೆ ಡೇರೆಯಂತೆ ಎಳೆದುಕೊಂಡು ಬರೆಯುತ್ತೇನೆ. ಹೊಸ ಸಾಲಿನಲ್ಲಿ ಓಎಲ್‌ಇಡಿ ಬರುತ್ತೆ, ಬಣ್ಣ ಅದ್ಭುತ ಅನ್ನುತ್ತಾರೆ. ಬಣ್ಣ ಚೆನ್ನಾಗಿಯೇ ಇರುತ್ತೆ, ಆದರೆ ಅವು ಹೆಚ್ಚಿನವು ಕನ್ನಡಿಯಂತೆ ಹೊಳೆಯುವ ಗಾಜಿನವು. ಬಡ ದೇಶಗಳ ಮಕ್ಕಳಿಗಾಗಿ 2007ರಲ್ಲಿ ತಯಾರಾದ ಎಕ್ಸ್‌ಓ ಲ್ಯಾಪ್‌ಟಾಪ್‌ನಲ್ಲಿ, ಮೇರಿ ಲೂ ಜೆಪ್ಸೆನ್ ರೂಪಿಸಿದ ಪರದೆ, ಸುಡುಬಿಸಿಲಿನಲ್ಲೂ ಕಪ್ಪು ಬಿಳುಪಾಗಿ ಓದಲು ಬರುತ್ತಿತ್ತು. ಕೀಬೋರ್ಡ್ ಮೇಲೆ ನೀರು ಒಳಗಿಳಿಯದಂತೆ ರಬ್ಬರ್ ಹೊದಿಕೆ ಬೇರೆ. ಫ್ಯಾನ್ ಇರಲಿಲ್ಲ. ಹದಿನೆಂಟು ವರ್ಷದ ಹಿಂದೆ ಗೊತ್ತಿದ್ದ ವಿದ್ಯೆಯನ್ನು ಇವತ್ತಿನ ಯಾವ ದೊಡ್ಡ ಸಾಲೂ ಕೈಗೆತ್ತಿಕೊಳ್ಳುತ್ತಿಲ್ಲ ಅನ್ನುವುದನ್ನು ನೆನೆದಾಗಲೆಲ್ಲ ಹೊಟ್ಟೆ ಉರಿಯುತ್ತೆ.

ಚಾರ್ಜರ್ ಬಗ್ಗೆ ಊಹೆಯೇ ಬೇಕಿಲ್ಲ. 2026ರ ಏಪ್ರಿಲ್ 28ರಿಂದ ಯುರೋಪಿನಲ್ಲಿ ಮಾರುವ ಹೊಸ ಲ್ಯಾಪ್‌ಟಾಪ್‌ಗಳು ಯುಎಸ್‌ಬಿ-ಸಿಯಲ್ಲಿ ಚಾರ್ಜ್ ಆಗಲೇಬೇಕು. ಅಲ್ಲಿಗೆ ಒಂದು, ನಮಗೆ ಇನ್ನೊಂದು ಅಂತ ಯಾರೂ ಮಾಡುವುದಿಲ್ಲ. ಮಳೆಗಾಲದಲ್ಲಿ ಅಣ್ಣ ಪೇಟೆಗೆ ಜೀಪು ತೆಗೆದರೆ ಫೋನು, ಲ್ಯಾಪ್‌ಟಾಪ್ ಎರಡನ್ನೂ ಒಂದೇ ಚಾರ್ಜರಿನಲ್ಲಿ ಜೀಪಿನ ಬ್ಯಾಟರಿಯಿಂದ ತುಂಬಿಸಿಕೊಂಡು ಬರುತ್ತಾನೆ.

ನನ್ನ ಮನಸ್ಸೆಲ್ಲ ಇರುವುದು ಇನ್ನೊಂದು ತಾರೀಖಿನ ಮೇಲೆ. 2027ರ ಫೆಬ್ರವರಿ 18. ಯುರೋಪಿನ ಬ್ಯಾಟರಿ ಕಾನೂನಿನ ಪ್ರಕಾರ ಅಂದಿನಿಂದ ಇಂಥ ಉಪಕರಣಗಳ ಬ್ಯಾಟರಿಯನ್ನು ಕೊಂಡವರೇ, ಅಂಗಡಿಯಲ್ಲಿ ಸಿಗುವ ಸಾಮಾನ್ಯ ಉಪಕರಣಗಳಿಂದ ಬಿಚ್ಚಿ ಬದಲಿಸುವ ಹಾಗಿರಬೇಕು. ನಮ್ಮಲ್ಲೂ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ತೆರೆದಿದೆ. ಆದರೆ ಕಂಪನಿಗಳ ನಕ್ಷೆ ಬದಲಿಸುವ ಬಲ ಸದ್ಯಕ್ಕೆ ಯುರೋಪಿನ ಆ ತಾರೀಖಿಗೇ ಇದೆ ಅಂತ ನನ್ನ ಎಣಿಕೆ. ಒಂದು ಲ್ಯಾಪ್‌ಟಾಪ್‌ನ ನಕ್ಷೆ ಬರೆದು ಅಂಗಡಿಗೆ ತರಲು ವರ್ಷಗಳೇ ಹಿಡಿಯುತ್ತವೆ. ಅಂದಮೇಲೆ 2027ಕ್ಕೆ ಬೇಕಾದ ಪೆಟ್ಟಿಗೆಗಳು ಈಗಾಗಲೇ ಎಲ್ಲೋ ಮೇಜಿನ ಮೇಲೆ ಬಿಚ್ಚಿಕೊಂಡು ಕೂತಿರಬೇಕು. 2026ರ ಜನವರಿಯ ಸಾಲಿನಲ್ಲೇ ಬ್ಯಾಟರಿ ಹಿಡಿದಿಡುವ ಅಂಟು ಕಡಿಮೆಯಾಗಿ ಸ್ಕ್ರೂ ಹೆಚ್ಚಾದರೆ, ಅದು ಗೋಡೆ ಹತ್ತುವ ಇರುವೆ.

ಬ್ಯಾಟರಿ ಕಳಚುವುದರ ಅರ್ಥ ನನಗೆ ತಿಳಿದದ್ದು ಟಿ480 ಬಂದ ಮೇಲೆ. ಬೆಂಗಳೂರಿನ ಎಸ್.ಪಿ. ರೋಡಿನಿಂದ ಸೆಕೆಂಡ್‌ಹ್ಯಾಂಡ್ ತರಿಸಿದ್ದು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಬೆಂಬಲ ನಿಂತಾಗ ಹಳೇ ಯಂತ್ರಗಳೆಲ್ಲ ಮೂಲೆಗೆ ಬಿದ್ದವಲ್ಲ, ಇದರಲ್ಲಿರುವ ಇಂಟೆಲ್‌ನ ಎಂಟನೇ ಪೀಳಿಗೆಯ ಚಿಪ್ ವಿಂಡೋಸ್ 11ರ ನಿಯಮದ ಹೊಸ್ತಿಲಿನ ಒಳಗೇ ಬರುವುದರಿಂದ ಇದು ಉಳಿದುಕೊಂಡಿತು. ಹಿಂದಿನ ಬ್ಯಾಟರಿ ಖಾಲಿಯಾದರೆ ಎರಡು ಚಿಲಕ ಸರಿಸಿ ತೆಗೆಯುತ್ತೇನೆ. ಒಳಗಿನದು ಯಂತ್ರವನ್ನು ಎಚ್ಚರವಾಗಿಟ್ಟಿರುತ್ತೆ. ಇನ್ನೊಂದನ್ನು ಹಾಕಿದರೆ ಬರೆಯುತ್ತಿದ್ದ ಸಾಲು ಅಲ್ಲೇ ಇರುತ್ತೆ. ರಾತ್ರಿ ಬ್ಯಾಟರಿ ಕಳಚಿ, ಯಂತ್ರವನ್ನು ಅಡುಗೆಮನೆ ಪಕ್ಕದ ಬೀರುವಿನಲ್ಲಿಡುತ್ತೇನೆ. ಕ್ಯಾಮೆರಾ ಇರುವವರು ಮಾಡುವಂತೆ ಅದರೊಳಗೊಂದು ಸಣ್ಣ ಬಲ್ಬ್ ಇಟ್ಟಿದ್ದೇನೆ. ಅದರ ಬಿಸಿಗೆ ಥಂಡಿ ಕೂರುವುದಿಲ್ಲ. ತಿಂಗಳಿಗೊಮ್ಮೆ ಹಿಂಬದಿ ಬಿಚ್ಚಿ ಅಂಚುಗಳನ್ನು ಟಾರ್ಚ್ ಹಿಡಿದು ನೋಡುತ್ತೇನೆ, ಹಸಿರು ಇದೆಯಾ ಅಂತ. ಇಲ್ಲಿಯವರೆಗೆ ಇಲ್ಲ.

ತೂಕ ಇದೆ, ಹೌದು. ಪರದೆ ಮಂಕು. ಹೊಸದು ಬೇಕು ಅಂತ ನನಗೂ ಇದೆ. ಅದಕ್ಕೇ ಇಷ್ಟೆಲ್ಲ ಊಹೆ.

ನಿನ್ನೆ ರಾತ್ರಿ ಅಪ್ಪಯ್ಯನ ಹತ್ತಿರ ಈ ವರ್ಷದ ಮಳೆ ಪುಸ್ತಕದ ಕೊನೆ ಪುಟ ಕೇಳಿದೆ. ಯಾತಕ್ಕೆ ಅಂತ ಹೇಳಿದೆ. ಸ್ಕೇಲು ತಂದು ಅವರೇ ನಡುವೆ ಗೆರೆ ಎಳೆದುಕೊಟ್ಟರು. “ಆಸೆ ಯಾವ್ದು, ಊಹೆ ಯಾವ್ದು ನೋಡ್ಕೊಂಡು ಬರಿ ಮಗಾ” ಅಂದರು. ಕಣದ ಬಿಸಿಲಿನಲ್ಲಿ ಕಾಣುವ ಪರದೆಯನ್ನು ಬರೆಯಲು ಹೊರಟವಳು ಕೈ ಹಿಂದೆ ತೆಗೆದೆ, ಅದು ಆಸೆ. ಬರೆದದ್ದು ಇಷ್ಟು: ಮೆಮೊರಿ ಸ್ಲಾಟ್, ಕೆಲಸದ ಸಾಲುಗಳಲ್ಲಿ ಬರುತ್ತೆ, ತೆಳು ಸಾಲುಗಳಲ್ಲಿ ಇಲ್ಲ. ಬೆಲೆ, ಏರುತ್ತೆ. ಬ್ಯಾಟರಿ, ಅಂಟು ಕಡಿಮೆ, ಕೈಯಲ್ಲೇ ಕಳಚುವುದು ಈ ಸಲ ಇಲ್ಲ. ಕನ್ನಡ ಮಾತು ಕೇಳಿ ಬರೆಯುವುದು ಅಂತ ಬರೆದು, ಮುಂದೆ ಏನು ಹಾಕಬೇಕು ಅಂತ ತುಂಬಾ ಹೊತ್ತು ಪೆನ್ಸಿಲ್ ಹಿಡಿದು ಕೂತಿದ್ದೆ. ಕೊನೆಗೆ ಅಪ್ಪಯ್ಯನ ಪದವನ್ನೇ ಹಾಕಿದೆ, ‘ಸಾಧಾರಣ’. ಬಲಗಡೆಯ ಕಾಲಂ ಜನವರಿಗೆ ಬಿಟ್ಟಿದ್ದೇನೆ.

ಆಮೇಲೆ ಇಬ್ಬರೂ ನಮ್ಮ ಕೆಲಸಕ್ಕೆ ಕೂತೆವು. ಸೆಪ್ಟೆಂಬರ್‌ನಲ್ಲಿ ಮೊದಲಿನಿಂದ ಮತ್ತೆ ಶುರು ಮಾಡಿ ಈಗ 1988ಕ್ಕೆ ಬಂದಿದ್ದೇವೆ. ಈ ಸಲ ವರ್ಷಕ್ಕೊಂದು ಪೆನ್‌ಡ್ರೈವ್‌ಗೆ ಹಾಕಿ ಅಣ್ಣನ ಮಗನ ಹತ್ತಿರ ಹಾಸನಕ್ಕೆ ಒಂದು ಪ್ರತಿ ಕಳಿಸುತ್ತಿದ್ದೇನೆ. ಅಪ್ಪಯ್ಯ ಕನ್ನಡಕದ ಗಾಜು ಒರೆಸಿಕೊಂಡು ಪುಸ್ತಕವನ್ನು ದೀಪದ ಹತ್ತಿರ ಸರಿಸಿದರು.

“ಜೂನ್ ಒಂದು, ಸೊನ್ನೆ. ಎರಡು, ಹತ್ತು ಸೆಂಟ್ಸ್. ಮೂರು...” ಅಂದು ಸ್ವಲ್ಪ ಹೊತ್ತು ಆ ಸಾಲಿನ ಮೇಲೇ ಬೆರಳಿಟ್ಟುಕೊಂಡಿದ್ದರು. “ಮೂರು, ಒಂದು ಇಂಚು ಐವತ್ತು. ಹಾಕ್ಕೊಂಡ್ಯಾ?”

ಹಾಕ್ಕೊಂಡೆ ಅಂದೆ.